ಗಡಿ ದಾಟಿದ ಮಾಲು, ದಾಟದ ದುಡ್ಡು

ಬೆಳಗಾವಿ ಜಿಲ್ಲೆಯ ನಿಪ್ಪಾಣಿಯ ವ್ಯಾಪಾರಿಗೆ ಮಹಾರಾಷ್ಟ್ರದ ಇಚಲಕರಂಜಿಯವನು ಬಾಕಿ ಕೊಡದಿದ್ದರೆ ಯಾವ ಕೋರ್ಟಿಗೆ ಹೋಗಬೇಕು ಅಂತ ಕೇಳಿದ್ದೀರಿ. ನಮ್ಮಲ್ಲಿ ಇದು ದಿನನಿತ್ಯದ ಮಾತು. ಕೊಗನೊಳಿ ಟೋಲ್ ದಾಟಿದರೆ ಮಹಾರಾಷ್ಟ್ರ. ತಂಬಾಕು, ಬೆಲ್ಲ, ನೂಲು ಅತ್ತಿಂದಿತ್ತ ಓಡಾಡುತ್ತಲೇ ಇರುತ್ತವೆ. ಅಂಗಡಿ ಈ ಕಡೆ, ಬೀಗರು ಆ ಕಡೆ. ಉದ್ದರಿ, ಅಂದರೆ ಸಾಲಕ್ಕೆ ಮಾಲು, ಕೊಡುವಾಗ ಯಾರಿಗೂ ಗಡಿ ನೆನಪಾಗುವುದಿಲ್ಲ. ವಾಯಿದೆ ಮುಗಿದರೂ ದುಡ್ಡು ಬರದಿದ್ದಾಗ ನೆನಪಾಗುತ್ತದೆ.

ನಮ್ಮ ಮನೆಯವರು ಹೋಗುವ ವಕೀಲರೊಬ್ಬರಿದ್ದಾರೆ. ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾ ಬಿ.ಕಾಂ. ಮಾಡಿ, ಆಮೇಲೆ ಕಾನೂನು ಓದಿದವರು. ಕನ್ನಡದ ಖಾತೆ ಪುಸ್ತಕ, ಮರಾಠಿ ಬಿಲ್ಲು ಎರಡನ್ನೂ ತಡವರಿಸದೆ ಓದುತ್ತಾರೆ. ಇಲ್ಲಿ ವ್ಯಾಪಾರದ ಕೇಸು ನಡೆಸಲು ಇದಕ್ಕಿಂತ ದೊಡ್ಡ ಬಂಡವಾಳ ಇಲ್ಲ ಅಂತ ನನಗನಿಸುತ್ತದೆ. ಹೆಚ್ಚಿನ ತಕರಾರು ಹುಟ್ಟುವುದೇ ಲೆಕ್ಕದಲ್ಲಿ ಅಲ್ವಾ?

ಕಕ್ಷಿದಾರನ ಸಿಟ್ಟೆಲ್ಲ ಕೇಳಿ ಮುಗಿದ ಮೇಲೆ ಅವರು ಬಿಲ್ಲು ತಿರುಗಿಸಿ ಕೆಳಗಿನ ಸಣ್ಣ ಅಕ್ಷರ ನೋಡುತ್ತಾರೆ. ವ್ಯಾಜ್ಯ ಬಂದರೆ ಬೆಳಗಾವಿ ಕೋರ್ಟಿನಲ್ಲೇ ಅಂತ ಒಂದು ಸಾಲು ಇರುತ್ತದಲ್ಲ, ಅದು. ಎರಡೂ ಕಡೆಯವರು ಒಪ್ಪಿದ್ದು, ವ್ಯವಹಾರಕ್ಕೆ ಆ ಊರಿನ ನಂಟಿದ್ದರೆ ಆ ಸಾಲಿಗೆ ಬೆಲೆ ಇದೆ. ನಂಟೇ ಇಲ್ಲದ ಊರಿನ ಹೆಸರನ್ನು ಸುಮ್ನೆ ಅಚ್ಚು ಹಾಕಿಸಿದರೆ ನಡೆಯುವುದಿಲ್ಲ. ಸಾಲೇ ಇಲ್ಲದಿದ್ದರೆ ಮಾಲು ಎಲ್ಲಿ ಕೈ ಬದಲಾಯಿತು, ಹಣ ಎಲ್ಲಿ ಸಿಗಬೇಕಿತ್ತು, ಎದುರಿನವನ ಅಂಗಡಿ ಎಲ್ಲಿದೆ ಅನ್ನುವ ಹುಡುಕಾಟ. ಲಾರಿ ರಸೀದಿ ಬಿಸಾಡಬೇಡಿ ಅಂತ ಅವರು ಎಲ್ಲರಿಗೂ ಹೇಳುವುದು ಇದಕ್ಕೇ.

ಚೆಕ್ ಬೌನ್ಸ್ ಆದರೆ ಗೊಂದಲ ಕಡಿಮೆ. ಚೆಕ್ ಕಾನೂನಿಗೆ ಬಂದ 2015ರ ತಿದ್ದುಪಡಿಯ ನಂತರ, ಚೆಕ್ಕನ್ನು ನಿಮ್ಮ ಖಾತೆಗೆ ಹಾಕಿದ್ದರೆ ಆ ಖಾತೆ ಇರುವ ಶಾಖೆಯ ಊರಿನಲ್ಲೇ ಕೇಸು. ಬ್ಯಾಂಕಿನಿಂದ ಸುದ್ದಿ ಬಂದ 30 ದಿನದೊಳಗೆ ನೋಟಿಸ್ ಕೊಡಬೇಕು. ಅದು ತಲುಪಿ 15 ದಿನ ಕಳೆದರೂ ಹಣ ಬರದಿದ್ದರೆ, ಮುಂದಿನ ಒಂದು ತಿಂಗಳೊಳಗೆ ದೂರು.

ಉದ್ದರಿ ಮಾರಿದ ಮಾಲಿನ ಹಣಕ್ಕೆ ದಾವೆ ಹೂಡಲು ಸಾಮಾನ್ಯವಾಗಿ 3 ವರ್ಷದ ಮಿತಿ. ನಮ್ಮವರು ಎಡವುವುದು ಇಲ್ಲೇ ಜಾಸ್ತಿ. ‘ಕೊಡ್ತೀನಿ ಬಿಡ್ರಿ’ ಅನ್ನುವ ಬಾಯಿಮಾತು ನಂಬಿ ವರ್ಷ ಕಳೆಯುತ್ತಾರೆ. ಮಿತಿ ಮುಗಿಯುವ ಮೊದಲು ಬಾಕಿದಾರ ಬಾಕಿಯನ್ನು ಬರವಣಿಗೆಯಲ್ಲಿ ಒಪ್ಪಿ ಸಹಿ ಹಾಕಿದರೆ ಅಲ್ಲಿಂದ ಹೊಸದಾಗಿ ಎಣಿಕೆ. ಹಾಗಾಗಿ ದೀಪಾವಳಿ ಪಾಡ್ಯಕ್ಕೆ ಹೊಸ ಖಾತೆ ತೆರೆಯುವಾಗಲೇ ಹಳೆ ಬಾಕಿಗೆ ಸಹಿ ತಗೊಳ್ಳಿ ಅನ್ನುತ್ತಾರೆ ವಕೀಲರು. ಹಬ್ಬದ ದಿನ ಯಾರೂ ಮುಖ ಕೆಡಿಸಿಕೊಳ್ಳುವುದಿಲ್ಲ, ಸಹಿ ಸಲೀಸಾಗಿ ಸಿಗುತ್ತದೆ.

ನೇರವಾಗಿ ದಾವೆ ಹೂಡಲು ಅವರು ಒಪ್ಪುವುದೂ ಕಡಿಮೆ. 3 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ವಾಣಿಜ್ಯ ವ್ಯಾಜ್ಯಕ್ಕೆ, ತುರ್ತು ತಡೆಯಾಜ್ಞೆಯಂಥದ್ದು ಬೇಕಿಲ್ಲದಿದ್ದರೆ, ಮೊದಲು ಮಧ್ಯಸ್ಥಿಕೆ ಕಡ್ಡಾಯ ಅಂತ ಕಾನೂನೇ ಹೇಳುತ್ತದೆ. ಬಹಳ ವಕೀಲರು ಇದನ್ನು ಒಂದು ಶಾಸ್ತ್ರ ಅಂದುಕೊಂಡು ಮುಗಿಸುತ್ತಾರೆ. ಇವರು ಖಾತೆ ಪುಸ್ತಕ ಹಿಡಿದುಕೊಂಡೇ ಹೋಗಿ ಕೂರುತ್ತಾರೆ, ಎದುರಿನವನ ಜೊತೆ ಮರಾಠಿಯಲ್ಲೇ ಮಾತಾಡುತ್ತಾರೆ. ಅಲ್ಲಿ ಸಹಿಯಾದ ರಾಜಿಯನ್ನು ಡಿಕ್ರಿಯಂತೆಯೇ, ಅಂದರೆ ಕೋರ್ಟಿನ ತೀರ್ಪಿನ ಆದೇಶದಂತೆಯೇ, ಜಾರಿ ಮಾಡಿಸಬಹುದು.

ರಾಜಿ ಆಗಲಿಲ್ಲ, ಬೆಳಗಾವಿಯಲ್ಲಿ ಕೇಸು ಗೆದ್ದಿರಿ ಅಂತಿಟ್ಟುಕೊಳ್ಳಿ. ಅವನ ಮಗ್ಗ, ಗೋದಾಮು ಎಲ್ಲ ಇಚಲಕರಂಜಿಯಲ್ಲಿದ್ದರೆ ಡಿಕ್ರಿಯನ್ನು ಆ ಕಡೆಯ ಕೋರ್ಟಿಗೆ ಕಳಿಸಿ ಅಲ್ಲಿ ಜಪ್ತಿ ಮಾಡಿಸಬೇಕು. ಅಂದರೆ ಅಲ್ಲೊಬ್ಬ ವಕೀಲ, ಕನ್ನಡದ ಕಾಗದಗಳಿಗೆ ಅನುವಾದ, ಮತ್ತೆ ತಾರೀಖುಗಳು. ಅದಕ್ಕೇ ನಮ್ಮ ವಕೀಲರು ಕೇಸು ಒಪ್ಪಿಸುವ ವಕಾಲತ್ತು ಪತ್ರಕ್ಕೆ ಸಹಿ ಹಾಕಿಸುವ ಮೊದಲೇ ಕೇಳುತ್ತಾರೆ: ‘ಅವನ ಆಸ್ತಿ ಯಾವ ಕಡೆ ಐತಿ?’