ಕಾವಿಗೆ ಕೂತ ಹ್ಯಾಟೆ ಪಕ್ಕ ಇರುವೆ ಮದ್ದು ಇಡಬಹುದಾ?

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ಹಿತ್ಲಲ್ಲಿ 9 ನಾಟಿ ಕೋಳಿ ಇದಾವೆ. ಹೋದ ಸಲ ಇನ್ನೇನು ಮೊಟ್ಟೆ ಒಡೆದು ಮರಿ ಆಚೆ ಬರ್ಬೇಕು ಅನ್ನೋ ಟೈಮಲ್ಲಿ ಕೆಂಪಿರುವೆ ಮುತ್ಕೊಂಡು 4 ಮರಿ ಹೋದ್ವು. ಈಗ ಇನ್ನೊಂದು ಹ್ಯಾಟೆ ಕಾವಿಗೆ ಕೂತು 6 ದಿನ ಆಯ್ತು. ಅಂಗಡಿಯವ್ರು ಒಂದು ಪುಡಿ ಕೊಟ್ಟು ಗೂಡಿನ ಸುತ್ತ ಉದುರಿಸಿ ಏನೂ ಆಗಲ್ಲ ಅಂದ್ರು, ನಮ್ಮತ್ತೆ ಬೇಡ್ವೇ ಬೇಡ ಅಂತಿದಾರೆ. ಏನ್ಮಾಡ್ಲಿ?
(ಅರಸೀಕೆರೆ ಕಡೆಯ ಓದುಗರು)

ಉತ್ತರ: ನಿಮ್ಮತ್ತೆ ಮಾತು ಕೇಳಿ. ಕೋಳಿ ಇಡೀ ದಿನ ಮಾಡೋ ಕೆಲಸಾನೇ ನೆಲ ಕೆದಕೋದು, ಧೂಳಲ್ಲಿ ಹೊರಳಾಡೋದು, ಆಮೇಲೆ ಅದೇ ರೆಕ್ಕೇನ ಕೊಕ್ಕಲ್ಲಿ ತೀಡ್ಕೊಳೋದು, ಹಂಗಾಗಿ ನೆಲಕ್ಕೆ ಉದುರಿಸಿದ್ದು ಸೀದಾ ಹೊಟ್ಟೆಗೆ. ಪುಡಿ ತಾಗಿ ಸತ್ತ ಇರುವೇನೂ ಅಲ್ಲೇ ಬಿದ್ದಿರುತ್ತೆ, ಅದನ್ನೂ ಹೆಕ್ತವೆ. ಇರುವೆ ಚಾಕ್ ಗೆರೆಗೂ ಇದೇ ಮಾತು. ಇನ್ನು ಹೆಸರು ಬರೀದೆ ಇರೋ ಬಿಡಿ ಪುಡಿ ಅಂದ್ರೆ ನಂಗೇ ಭಯ. ಈಗ್ಲೂ ಕೆಲವ್ರು ಗಮಾಕ್ಸಿನ್ (ಹುಳ ಸಾಯಿಸೋ ಹಳೇ ಪುಡಿ) ಕೊಡಿ ಅಂತ ಕೇಳ್ತಾರೆ, ಅದರಲ್ಲಿರೋ ವಿಷ ಅಂದ್ರೆ ಬಿಎಚ್‌ಸಿ ನಮ್ಮ ದೇಶದಲ್ಲಿ 1997ರಲ್ಲೇ ಬ್ಯಾನ್ ಆಗಿರೋದು.

ಆದ್ರೆ ತಿಂಡಿ ಥರ ಇಡೋ ಮದ್ದು ಇಡಬಹುದು. ಅದು ಪವರ್ ಕಮ್ಮಿ ಇರ್ಬೇಕು, ಕೊಕ್ಕಿಗೆ ಸಿಗದ ಹಾಗೆ ಮುಚ್ಚಿರ್ಬೇಕು. ಮೆಡಿಕಲ್ ಶಾಪಲ್ಲಿ ಬೋರಿಕ್ ಆಸಿಡ್ ಪುಡಿ ಕೇಳಿ (ಕೇರಂ ಬೋರ್ಡಿಗೆ ಹಾಕೋ ಬೋರಿಕ್ ಪೌಡರ್ ಗೊತ್ತಲ್ಲ, ಅದೇ ಜಾತಿ). 1 ಲೀಟರ್ ಬಿಸಿನೀರಿಗೆ 100 ಗ್ರಾಂ ಸಕ್ಕರೆ, 10 ಗ್ರಾಂ ಬೋರಿಕ್ ಪುಡಿ, ಅಷ್ಟೇ. ಜಾಸ್ತಿ ಹಾಕಿದ್ರೆ ಬೇಗ ಸಾಯ್ತವೆ ಅಂತ ಎಲ್ರೂ ಇಲ್ಲೇ ಎಡವೋದು, ಸ್ಟ್ರಾಂಗ್ ಆದ್ರೆ ತಿಂದ ಇರುವೆ ದಾರೀಲೇ ಸಾಯುತ್ತೆ, ರಾಣಿ ಗೂಡೊಳಗೆ ಆರಾಮಾಗಿ ಮೊಟ್ಟೆ ಇಡ್ತಾನೇ ಇರ್ತಾಳೆ. ಸಪ್ಪೆ ಇದ್ರೆ ಹೊತ್ಕೊಂಡು ಹೋಗಿ ಎಲ್ರಿಗೂ ತಿನ್ಸುತ್ತೆ.

ಕೋಳಿ ಲೆಕ್ಕದಲ್ಲೂ ಸಪ್ಪೇನೇ ವಾಸಿ. ಒಂದು ದಿನದ ಮರಿ ತೂಕ 30 ಗ್ರಾಂ ಚಿಲ್ಲರೆ, ಬೋರಿಕ್ ಪುಡಿ 0.1 ಗ್ರಾಂ ಒಳಗೆ ಹೋದ್ರೂ ಅದರ ಜೀವಕ್ಕೆ ಅಪಾಯ, ಅಂದ್ರೆ ಒಂದು ಚಿಟಿಕೆ. ಈ ನೀರಲ್ಲಾದ್ರೆ ಅಷ್ಟು ಸೇರ್ಬೇಕು ಅಂದ್ರೆ 10 ಎಂಎಲ್ ಕುಡೀಬೇಕು. ಹಂಗಂತ ತೆರೆದಿಡ್ಬೇಡಿ ಮತ್ತೆ.

ಕೆಂಪಿರುವೆ ಎಷ್ಟೋ ಸಲ ಸಕ್ಕರೆಗಿಂತ ಎಣ್ಣೆ ಜಿಡ್ಡಿಗೆ ಬರ್ತವೆ. ಸಂಜೆ ಕೋಳಿ ಗೂಡು ಸೇರಿದ ಮೇಲೆ ಒಂದು ಕಡೆ ಬರೀ ಸಕ್ಕರೆ ನೀರು, ಒಂದು ಕಡೆ ಕಡ್ಲೆಕಾಯಿ ರುಬ್ಬಿದ್ದು ಇಟ್ಟು ಅರ್ಧ ಗಂಟೆ ಬಿಟ್ಟು ನೋಡಿ. ಕಡ್ಲೆಕಾಯಿಗೇ ಮುತ್ತಿದ್ರೆ 100 ಗ್ರಾಂಗೆ 1 ಗ್ರಾಂ ಬೋರಿಕ್ ಪುಡಿ ಕಲಸಿ. ಸಣ್ಣ ಪ್ಲಾಸ್ಟಿಕ್ ಡಬ್ಬಿಗೆ ಕಾದ ಮೊಳೇಲಿ ನಾಕೈದು ತೂತು ಮಾಡಿ, ಒಳಗೆ ಬೋರಿಕ್ ಸಕ್ಕರೆ ನೀರಲ್ಲಿ ನೆನೆಸಿದ ಹತ್ತೀನೋ ಕಡ್ಲೆಕಾಯಿ ಪೇಸ್ಟೋ ಇಟ್ಟು ಮುಚ್ಚಳ ಗಟ್ಟಿ ಹಾಕಿ, ಇರುವೆ ಸಾಲಿನ ಪಕ್ಕ, ಕೋಳಿ ಗೂಡಿಂದ ದೂರ, ಮೇಲೊಂದು ಮಣ್ಣಿನ ಕುಂಡ ಬೋರಲು ಹಾಕಿ ಕಲ್ಲು ಹೇರಿ. ಕುಂಡದ ಅಂಚಿಗೆ ಇರುವೆ ಹೋಗೋಷ್ಟು ಸಂದಿ ಸಾಕು. ಮೊದ್ಲು ಎರಡು ದಿನ ಇರುವೆ ಇನ್ನೂ ಜಾಸ್ತಿ ಬರ್ತವೆ, ಆಗ ಗಾಬರಿಯಾಗಿ ಸ್ಪ್ರೇ ಹೊಡೆದ್ರೆ ಮಾಡಿದ್ದೆಲ್ಲ ವೇಸ್ಟು. ಇರುವೆ ಗೂಡು ಖಾಲಿಯಾಗೋಕೆ ವಾರ ಎರಡು ವಾರ ಬೇಕು.

ರೆಡಿಮೇಡ್ ಜೆಲ್ ತರೋದಾದ್ರೆ ಮೇಲೆ ಫಿಪ್ರೋನಿಲ್ (ಒಂದು ಕೀಟನಾಶಕ) ಅಂತ ಇದ್ರೆ ಬೇಡ. ಅದು ಕೋಳಿ ಕೊಬ್ಬಲ್ಲಿ ಉಳಿದು ಮೊಟ್ಟೆಗೂ ಬರುತ್ತೆ, 2017ರಲ್ಲಿ ನೆದರ್‌ಲ್ಯಾಂಡ್ಸ್, ಬೆಲ್ಜಿಯಂನಲ್ಲಿ ಲಕ್ಷಗಟ್ಟಲೆ ಮೊಟ್ಟೆ ಎಸೆದಿದ್ದು ಇದಕ್ಕೇ.

ಮರಿ ಒಡೆಯೋ ದಿನಕ್ಕೆ ಮಾತ್ರ ಮದ್ದು ನಂಬ್ಕೊಂಡು ಕೂರ್ಬೇಡಿ. 21 ದಿನದ ಲೆಕ್ಕದಲ್ಲಿ ನಿಮಗಿನ್ನೂ 15 ದಿನ ಇದೆ, ಡಬ್ಬಿ ಇವತ್ತೇ ಇಡಿ. 18ನೇ ದಿನ ರಾತ್ರಿ ಮಂಕರಿ ಸಮೇತ ಹ್ಯಾಟೇನ ಸ್ಟೂಲ್ ಮೇಲೆ ಕೂರ್ಸಿ, ಸ್ಟೂಲಿನ ನಾಕೂ ಕಾಲು ನೀರಿನ ಬಟ್ಟಲಲ್ಲಿರ್ಲಿ, ಹಿಂದೆ ತಿಂಡಿ ಬೀರುಗೆ ಇಡ್ತಿದ್ರಲ್ಲ ಹಂಗೆ. ಗೋಡೆಗೆ ತಾಗ್ಬಾರ್ದು, ಒಂದು ಹುಲ್ಲುಕಡ್ಡಿ ನೇತಾಡಿದ್ರೂ ಅದೇ ಅವಕ್ಕೆ ಸೇತುವೆ. ಒಡೆದ ಮೊಟ್ಟೆ ಸಿಪ್ಪೆ ಆಗಾಗ ತೆಗೀರಿ, ಆ ವಾಸನೆಗೇ ಇರುವೆ ಬರೋದು. ಮರಿ ಒಣಗಿ ಓಡಾಡೋ ಹೊತ್ತಿಗೆ ಕೆಳಗಿಳಿಸಿಬಿಡಿ, ಇಲ್ಲಾಂದ್ರೆ ಅದೇ ಬಟ್ಟಲಿಗೆ ಬೀಳ್ತವೆ.

ಅಂಗಡಿ ಪುಡಿ ಈಗಾಗ್ಲೇ ಉದುರಿಸಿದ್ರೆ ಮೇಲ್ಮಣ್ಣು ಸಮೇತ ಬಾಚಿ ತೆಗೀರಿ, ಕೈಗೆ ಕವರ್ ಹಾಕ್ಕೊಳಿ. ಯಾವ್ದಾದ್ರೂ ಕೋಳಿ ಜೊಲ್ಲು ಸುರಿಸ್ತಾ ಕಾಲು ಸೋತು ಬಿದ್ರೆ ಎಣ್ಣೆ ಹಾಲು ಅಂತ ಕುಡಿಸ್ತಾ ಕೂರದೆ ಪುಡಿ ಪೊಟ್ಟಣ ಕೈಲಿ ಹಿಡ್ಕೊಂಡೇ ಪಶು ಆಸ್ಪತ್ರೆಗೆ ಹೋಗಿ, ದೂರ ಇದ್ರೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ.