ವಿದೇಶದ ವೆಬ್‌ಸೈಟ್‌ನಿಂದ ವಜ್ರ: ಕಣ್ಣಾರೆ ನೋಡದೆ ದುಡ್ಡು ಕಟ್ಟಬಹುದೇ?

ಒಂದು ಕ್ಯಾರೆಟ್‌ನ ದುಂಡು ವಜ್ರ, ಜಿಐಎ (ವಜ್ರಗಳಿಗೆ ದರ್ಜೆ ಕೊಡುವ ಅಮೆರಿಕದ ಸಂಸ್ಥೆ) ಸರ್ಟಿಫಿಕೇಟ್ ಇದೆ, ವಿಡಿಯೊ ಚೆನ್ನಾಗಿ ಕಾಣುತ್ತೆ, ಮಾರುವವರು ಬೇರೆ ದೇಶದವರು, ಕೊಳ್ಳಲೋ ಬೇಡವೋ ಅಂತ ಕೇಳಿದ್ದೀರಿ. ಕೊಳ್ಳಬಹುದು. ನಾನು ಹಾಗೆ ಕೊಂಡಿದ್ದೇನೆ, ಇಷ್ಟವಾಗದೆ ಒಂದು ಹರಳನ್ನು ವಾಪಸ್ಸೂ ಕಳಿಸಿದ್ದೇನೆ. ಈ ವ್ಯವಹಾರದಲ್ಲಿ ದುಡ್ಡು ಮೊದಲು ಹೋಗುತ್ತೆ, ನೋಡುವ ಸರದಿ ಆಮೇಲೆ ಬರುತ್ತೆ. ಆ ನೋಡುವ ಹಕ್ಕು ನಿಮ್ಮ ಕೈಯಲ್ಲಿ ಗಟ್ಟಿಯಾಗಿ ಉಳಿದಿದ್ದರೆ ಭಯಪಡಬೇಕಾಗಿಲ್ಲ. ಅದಕ್ಕೇ ವಜ್ರದ ವಿವರಕ್ಕಿಂತ ಮೊದಲು ವಾಪಸಾತಿಯ ಷರತ್ತನ್ನು ಓದಿ.

ಎಷ್ಟು ದಿನದೊಳಗೆ ವಾಪಸ್ ಕಳಿಸಬಹುದು ಅಂತ ಎಲ್ಲರೂ ನೋಡುತ್ತಾರೆ. ಆ ದಿನಗಳ ಲೆಕ್ಕ ಯಾವತ್ತಿನಿಂದ ಶುರುವಾಗುತ್ತೆ ಅನ್ನುವುದನ್ನು ಮಾತ್ರ ಬಹಳ ಜನ ಕೇಳುವುದೇ ಇಲ್ಲ. ಅವರು ಪಾರ್ಸೆಲ್ ಕಳಿಸಿದ ದಿನದಿಂದ ಎಣಿಸುವುದಾದರೆ, ಕಸ್ಟಮ್ಸ್‌ನಲ್ಲಿ ಅದು ಕೊಳೆಯುತ್ತಾ ಕೂತ ದಿನಗಳೆಲ್ಲ ನಿಮ್ಮ ಲೆಕ್ಕಕ್ಕೇ ಬರುತ್ತವೆ. ದುಡ್ಡು ಪೂರ್ತಿ ವಾಪಸ್ ಬರುತ್ತೋ ಅಥವಾ ಅವರ ಅಂಗಡಿಯಲ್ಲೇ ಬೇರೇನಾದರೂ ತೆಗೆದುಕೊಳ್ಳಿ ಅನ್ನುತ್ತಾರೋ, ವಾಪಸ್ ಕಳಿಸುವ ಸಾಗಣೆ ಮತ್ತು ವಿಮೆಯ ಖರ್ಚು ಯಾರದ್ದು, ಇದನ್ನೆಲ್ಲ ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಕಟ್ಟಿದ ಆಮದು ಸುಂಕ ವಾಪಸ್ ಸಿಗುವುದು ನಿಮ್ಮ ದೇಶದ ನಿಯಮವನ್ನು ಅವಲಂಬಿಸಿದೆ, ಮಾರುವವರ ಕೈಯಲ್ಲಿಲ್ಲ. ಆರ್ಡರ್ ಮಾಡುವ ಮೊದಲೇ ಅದನ್ನು ವಿಚಾರಿಸಿ.

ಇನ್ನು ಸರ್ಟಿಫಿಕೇಟ್. ಅದರ ನಂಬರನ್ನು ಜಿಐಎ ವೆಬ್‌ಸೈಟ್‌ನಲ್ಲೇ ಹಾಕಿ ನೋಡಿ. ಮಾರುವವರು ಕಳಿಸಿದ ಪಿಡಿಎಫ್ ನಂಬಿ ಕೂರಬೇಡಿ. ತೂಕ, ಮಿಲಿಮೀಟರ್ ಅಳತೆ, ನೈಸರ್ಗಿಕವೋ ಲ್ಯಾಬ್‌ನಲ್ಲಿ ಬೆಳೆಸಿದ್ದೋ, ಎಲ್ಲ ತಾಳೆಯಾಗಬೇಕು. ಆಮೇಲೆ ಅದೇ ನಂಬರನ್ನು ಗೂಗಲ್‌ನಲ್ಲಿ ಹುಡುಕಿ. ಅದೇ ಹರಳು ಬೇರೆ ಬೇರೆ ಸೈಟ್‌ಗಳಲ್ಲಿ ಬೇರೆ ಬೇರೆ ಬೆಲೆಗೆ ಕಂಡರೆ ಆಶ್ಚರ್ಯಪಡಬೇಡಿ. ಎಷ್ಟೋ ಆನ್‌ಲೈನ್ ಅಂಗಡಿಗಳ ಬಳಿ ವಜ್ರ ಇರುವುದೇ ಇಲ್ಲ. ಕಟ್ಟಿಂಗ್ ಕಂಪನಿಗಳ ಸ್ಟಾಕ್ ಪಟ್ಟಿಯನ್ನೇ ತಮ್ಮ ಸೈಟ್‌ನಲ್ಲಿ ತೋರಿಸುತ್ತಾರೆ. ಅಂದರೆ ನಿಮ್ಮ ಹಾಗೆ ಮಾರುವವರೂ ಆ ಹರಳನ್ನು ನೋಡಿಲ್ಲದಿರಬಹುದು! ಅದಕ್ಕೆ ನಾನು ಯಾವಾಗಲೂ ಕೇಳುವ ಮಾತು ಇದು: "ಹರಳನ್ನು ನಿಮ್ಮ ಆಫೀಸಿಗೆ ತರಿಸಿ, ನಿಮ್ಮ ಜೆಮಾಲಜಿಸ್ಟ್ (ರತ್ನ ಪರೀಕ್ಷಕರು) ಕೈಯಲ್ಲಿ ಹಿಡಿದು ನೋಡಿ ನನಗೆ ಬರೆಯಲಿ." ಹಾಲಿನ ಮಸುಕು ಇದೆಯೇ, ಕಂದು ಅಥವಾ ಹಸಿರು ಛಾಯೆ ಇದೆಯೇ, ಬರಿಗಣ್ಣಿಗೆ ಕಲೆ ಕಾಣುತ್ತದೆಯೇ ಅಂತ ಕೇಳಿ. ಇದಕ್ಕೆ ಒಪ್ಪದವರ ಹತ್ತಿರ ನಾನು ಕೊಳ್ಳುವುದಿಲ್ಲ.

ಹಾಲಿನ ಮಸುಕಿನ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣ ಇದೆ. ಸರ್ಟಿಫಿಕೇಟ್‌ನಲ್ಲಿ ಅದಕ್ಕೆ ಪ್ರತ್ಯೇಕ ಸಾಲೇ ಇರುವುದಿಲ್ಲ. ಕೆಳಗಿನ ಕಾಮೆಂಟ್ಸ್ ಭಾಗದಲ್ಲಿ, ಚಿತ್ರದಲ್ಲಿ ತೋರಿಸದ ಕ್ಲೌಡ್‌ಗಳ (ಒಳಗಿನ ಸೂಕ್ಷ್ಮ ಚುಕ್ಕೆಗಳ ಗುಂಪುಗಳ) ಆಧಾರದ ಮೇಲೆ ಕ್ಲ್ಯಾರಿಟಿ ದರ್ಜೆ, ಅಂದರೆ ಕಲೆ ಎಷ್ಟಿದೆ ಅನ್ನುವ ದರ್ಜೆ, ಕೊಟ್ಟಿದ್ದೇವೆ ಅನ್ನುವ ಅರ್ಥದ ಮಾತಿದ್ದರೆ, ಅದರಲ್ಲೂ ಎಸ್‌ಐ (ಸಣ್ಣ ಕಲೆಗಳಿರುವ) ದರ್ಜೆಯ ಹರಳಾದರೆ, ಎಚ್ಚರವಾಗಿರಿ. ನಾನು ವಾಪಸ್ ಕಳಿಸಿದ್ದು ಅಂಥದ್ದನ್ನೇ. ಬಲ್ಬಿನ ಕೆಳಗೆ ಚೆನ್ನಾಗಿಯೇ ಮಿನುಗುತ್ತಿತ್ತು. ಮೋಡ ಕವಿದ ಹಗಲಲ್ಲಿ ಕಿಟಕಿಯ ಪಕ್ಕ ಇನ್ನೊಂದು ವಜ್ರದ ಜೊತೆ ಇಟ್ಟಾಗ, ಕನ್ನಡಿಯ ಮೇಲೆ ಉಸಿರು ಬಿಟ್ಟ ಹಾಗೆ ಮಬ್ಬಾಗಿತ್ತು. ಎಷ್ಟು ಒರೆಸಿದರೂ ಅದು ಹೋಗಲಿಲ್ಲ. ಹರಳಿನ ಒಳಗಿನ ಮಬ್ಬು ಹೋಗುವುದಾದರೂ ಹೇಗೆ?

ಬಣ್ಣ, ಕ್ಲ್ಯಾರಿಟಿ ಅಂತ ತಲೆ ಕೆಡಿಸಿಕೊಳ್ಳುವವರು ಕಟ್ (ಹರಳನ್ನು ಕತ್ತರಿಸಿದ ಅಳತೆ, ಕೋನಗಳು) ಕಡೆಗೆ ಅಷ್ಟು ಗಮನ ಕೊಡುವುದಿಲ್ಲ. ಹೊಳಪು ಬರುವುದು ಮುಖ್ಯವಾಗಿ ಕಟ್‌ನಿಂದ. ಬಿಳಿ ದುಂಡು ವಜ್ರಗಳಿಗೆ ಜಿಐಎ 2006ರಿಂದ ಕಟ್ ದರ್ಜೆ ಕೊಡುತ್ತಿದೆ. ಆದರೆ 'ಎಕ್ಸಲೆಂಟ್' ಅನ್ನುವುದು ಸಾಕಷ್ಟು ಅಗಲದ ದರ್ಜೆ, ಅದರೊಳಗೇ ಮೇಲುಕೀಳು ಇದೆ. ನಾನು ಜರಡಿ ಹಿಡಿಯುವುದು ಹೀಗೆ: ಟೇಬಲ್ (ಮೇಲಿನ ಚಪ್ಪಟೆ ಮುಖ) ಅಡ್ಡಳತೆಯ ಶೇಕಡ 54ರಿಂದ 58, ಒಟ್ಟು ಆಳ ಅಡ್ಡಳತೆಯ ಶೇಕಡ 60ರಿಂದ 62.5, ಕ್ರೌನ್ (ಹರಳಿನ ಮೇಲ್ಭಾಗ) ಕೋನ 34ರಿಂದ 35 ಡಿಗ್ರಿ, ಪೆವಿಲಿಯನ್ (ಕೆಳಭಾಗ) ಕೋನ 40.6ರಿಂದ 41 ಡಿಗ್ರಿ. ಕೊನೆಯ ಎರಡು ಕೋನಗಳು ಒಂದಕ್ಕೊಂದು ಹೊಂದಬೇಕು. ಎರಡೂ ಕಡಿದಾದರೆ ಬೆಳಕು ತಳದಿಂದ ಸೋರಿಹೋಗುತ್ತದೆ. ಸರ್ಟಿಫಿಕೇಟ್‌ನಲ್ಲಿ ಕ್ರೌನ್ ಕೋನವನ್ನು ಅರ್ಧ ಡಿಗ್ರಿಗೆ, ಪೆವಿಲಿಯನ್ ಕೋನವನ್ನು 0.2 ಡಿಗ್ರಿಗೆ ಸರಿಹೊಂದಿಸಿ ಬರೆದಿರುತ್ತಾರೆ. ಹಾಗಾಗಿ ಈ ಅಂಕಿಗಳಿಂದ ಕೆಟ್ಟದ್ದನ್ನು ಬದಿಗೆ ಸರಿಸಬಹುದು, ಒಳ್ಳೆಯದನ್ನು ಖಚಿತಪಡಿಸಿಕೊಳ್ಳಲು ಆಗುವುದಿಲ್ಲ. ಅದಕ್ಕೆ ಐಡಿಯಲ್‌ಸ್ಕೋಪ್ ಅಥವಾ ಅಸೆಟ್ ಫೋಟೊ ಕೇಳಿ, ಹರಳಿನಲ್ಲಿ ಬೆಳಕು ಹೇಗೆ ಓಡಾಡುತ್ತದೆ ಅಂತ ಬಣ್ಣಗಳಲ್ಲಿ ತೋರಿಸುವ ಉಪಕರಣಗಳು ಇವು. ಐಡಿಯಲ್‌ಸ್ಕೋಪ್ ಚಿತ್ರದಲ್ಲಿ ಬೆಳಕು ವಾಪಸ್ ಬರುವ ಜಾಗ ಕೆಂಪು, ಸೋರುವ ಜಾಗ ಬಿಳಿ.

ಮಿಲಿಮೀಟರ್ ಕೂಡ ನೋಡಿ. ಒಂದು ಕ್ಯಾರೆಟ್ ಅಂದರೆ 0.2 ಗ್ರಾಂ. ಚೆನ್ನಾಗಿ ಕಟ್ ಮಾಡಿದ ಅಷ್ಟು ತೂಕದ ದುಂಡು ವಜ್ರದ ಅಡ್ಡಳತೆ ಸುಮಾರು 6.4ರಿಂದ 6.5 ಮಿಮೀ. ಅದು 6.1 ಮಿಮೀ ಇದ್ದರೆ ತೂಕವೆಲ್ಲ ಆಳದಲ್ಲಿ ಅಡಗಿದೆ ಅಂತ ಅರ್ಥ, ಕಾಣದ ತೂಕಕ್ಕೆ ದುಡ್ಡು ಕೊಡುತ್ತೀರಿ. ಮುಂದೆ ಮನಸ್ಸು ಬದಲಾಗಿ ಓವಲ್ ಅಥವಾ ಪೇರ್ ಆಕಾರದ ಕಡೆ ಹೋದರೆ ಈ ಲೆಕ್ಕ ಯಾವುದೂ ನಡೆಯುವುದಿಲ್ಲ. ನಡುವೆ ಬೋ-ಟೈ ಆಕಾರದ ಕಪ್ಪು ನೆರಳು ಎಷ್ಟಿದೆ ಅಂತ ವಿಡಿಯೊ ನೋಡಿಯೇ ತಿಳಿಯಬೇಕು.

ವಿಡಿಯೊ ಹರಳನ್ನು ತುಂಬಾ ಹಿಗ್ಗಿಸಿ ತೋರಿಸುತ್ತದೆ. ಅಲ್ಲಿ ಕಂಡ ಚುಕ್ಕೆ ಕೈಬೆರಳ ಮೇಲೆ ಕಾಣದೇ ಇರಬಹುದು. ಹೊಳಪನ್ನು ಮಾತ್ರ ಒಂದೇ ವಿಡಿಯೊದಿಂದ ಅಳೆಯಬೇಡಿ. ಒಂದೇ ಬೆಳಕಿನಲ್ಲಿ ತೆಗೆದ ಬೇರೆ ಹರಳುಗಳ ವಿಡಿಯೊಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

ದುಡ್ಡನ್ನು ಕ್ರೆಡಿಟ್ ಕಾರ್ಡ್‌ನಲ್ಲೇ ಕಟ್ಟಿ, ತಕರಾರು ಬಂದರೆ ಬ್ಯಾಂಕ್ ಮೂಲಕ ಪ್ರಶ್ನಿಸಲು ದಾರಿ ಇರುತ್ತದೆ. ಸುಂಕ ಉಳಿಸಿಕೊಡುತ್ತೇವೆ, ಬಿಲ್‌ನಲ್ಲಿ ಬೆಲೆ ಕಡಿಮೆ ಬರೆಯುತ್ತೇವೆ ಅಂದರೆ ದಯವಿಟ್ಟು ಒಪ್ಪಬೇಡಿ. ಅದು ಅಪರಾಧ. ಮೇಲಾಗಿ ಪಾರ್ಸೆಲ್ ಕಳೆದುಹೋದರೆ ಪೂರ್ತಿ ಬೆಲೆ ಕೇಳಲು ನಿಮ್ಮ ಹತ್ತಿರ ಕಾಗದವೇ ಇರುವುದಿಲ್ಲ. ಪಾರ್ಸೆಲ್ ಬಿಚ್ಚುವಾಗ ವಿಡಿಯೊ ಮಾಡಿಕೊಳ್ಳಿ.

ಹರಳು ಕೈಸೇರಿದ ಮೇಲೆ, ವಾಪಸಾತಿಯ ಗಡುವಿನೊಳಗೇ, ವಜ್ರ ಮಾರದ ಒಬ್ಬ ಜೆಮಾಲಜಿಸ್ಟ್ ಹತ್ತಿರ ಹೋಗಿ. ಅವರು ತೂಕ ಮಾಡಲಿ, ಅಳತೆ ತೆಗೆಯಲಿ. ಗರ್ಡಲ್, ಅಂದರೆ ಹರಳಿನ ನಡುವಿನ ಅಂಚಿನ ಮೇಲೆ, ಲೇಸರ್‌ನಲ್ಲಿ ಕೊರೆದ ನಂಬರ್ ಇದ್ದರೆ ನೀವೂ ನೋಡಿ. ಹತ್ತು ಪಟ್ಟು ಹಿಗ್ಗಿಸುವ ಲೂಪ್ ಹಿಡಿದು ಹರಳನ್ನು ಮೆಲ್ಲಗೆ ಓರೆ ಮಾಡುತ್ತಾ ಹೋದರೆ, ಒಂದು ಕೋನದಲ್ಲಿ ತಟ್ಟನೆ ಬೂದು ಬಣ್ಣದ ಪುಟ್ಟ ಅಕ್ಷರಗಳು ಕಾಣುತ್ತವೆ. ಅಷ್ಟಕ್ಕೇ ಸಮಾಧಾನ ಬೇಡ. ನೈಸರ್ಗಿಕ ವಜ್ರದ ನಂಬರನ್ನು ಲ್ಯಾಬ್ ವಜ್ರದ ಮೇಲೆ ಕೊರೆದ ಪ್ರಕರಣಗಳ ಬಗ್ಗೆ ಜಿಐಎಯೇ ಎಚ್ಚರಿಸಿದೆ. ಹರಳಿನಲ್ಲಿ ಶಾಖ ಎಷ್ಟು ಬೇಗ ಹರಿಯುತ್ತದೆ ಅಂತ ನೋಡಿ ವಜ್ರವೋ ಅಲ್ಲವೋ ಹೇಳುವ ಪೆನ್ ಟೆಸ್ಟರ್ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಲ್ಯಾಬ್‌ನಲ್ಲಿ ಬೆಳೆಸಿದ್ದೂ ನಿಜವಾದ ವಜ್ರವೇ ತಾನೆ. ಸರ್ಟಿಫಿಕೇಟ್‌ನಲ್ಲಿ ನಕ್ಷೆ ಇದ್ದರೆ ಅದರಲ್ಲಿ ಗುರುತಿಸಿದ ಕಲೆಗಳು ಅದದೇ ಜಾಗದಲ್ಲಿ ಇವೆಯೇ ಅಂತ ಹೋಲಿಸಲು ಹೇಳಿ, ಸಂಶಯ ಉಳಿದರೆ ಉಪಕರಣ ಇರುವ ಲ್ಯಾಬ್‌ಗೆ ಕೊಡಿ.

ಇದೆಲ್ಲ ಮುಗಿಯುವವರೆಗೆ ಉಂಗುರಕ್ಕೆ ಕೂರಿಸಲು ಕೊಡಬೇಡಿ. ಕೂರಿಸಿದ ಹರಳನ್ನು ವಾಪಸ್ ತೆಗೆದುಕೊಳ್ಳಲು ಎಷ್ಟೋ ಜನ ಒಪ್ಪುವುದಿಲ್ಲ, ಸರಿಯಾಗಿ ತೂಕ ಮಾಡಲೂ ಆಗುವುದಿಲ್ಲ, ಮೇಲಾಗಿ ಆ ನಂಬರ್ ಇರುವ ಜಾಗವೇ ಉಂಗುರದ ಕೊಕ್ಕೆಯ ಕೆಳಗೆ ಮುಚ್ಚಿಹೋಗಬಹುದು.