ಊರಿನ ಹೆಸರು ಬದಲಾದರೂ ಅದರ ಕೋಡ್ ಬದಲಾಗಬಾರದು

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಗದಗ ಜಿಲ್ಲೆಯ ಊರುಗಳು ಯಾವ ಕಾಲದಲ್ಲಿ ಯಾವ ನಾಡಿಗೆ, ಯಾವ ಸಂಸ್ಥಾನಕ್ಕೆ, ಯಾವ ತಾಲ್ಲೂಕಿಗೆ ಸೇರಿದ್ದವು ಎಂದು ಹುಡುಕಿ ನೋಡುವಂಥ ಜಾಲತಾಣ ಮಾಡಬೇಕೆಂದಿದ್ದೇನೆ. ಮೊಮ್ಮಗ ಪ್ರೋಗ್ರಾಂ ಬರೆಯಲು ಒಪ್ಪಿದ್ದಾನೆ. ಊರು, ಹಳೆಯ ಹೆಸರು, ನಾಡು, ತಾಲ್ಲೂಕು, ಜಿಲ್ಲೆ ಎಂದು ಎಕ್ಸೆಲ್‌ನಲ್ಲಿ ಐದು ಕಾಲಂ ಹಾಕಿದ್ದೇವೆ. ಸಾಕೇ? ಶಾಸನಗಳಲ್ಲಿ ಬರುವ ಬೆಳ್ವೊಲ-300 ಎಂಬ ಹಳೆಯ ನಾಡಿನ ಗಡಿಯನ್ನು ನಕ್ಷೆಯಲ್ಲಿ ಹೇಗೆ ತೋರಿಸುವುದು?

ಉತ್ತರ: ಸಾಲದು. ನಿಮ್ಮ ಜಿಲ್ಲೆಯ ಲಕ್ಷ್ಮೇಶ್ವರವನ್ನೇ ಆ ಐದು ಕಾಲಂಗೆ ಹಾಕಿ ನೋಡಿ. ಶಾಸನಗಳಲ್ಲಿ ಅದು ಪುಲಿಗೆರೆ, ಪುರಿಗೆರೆ, ಹುಲಿಗೆರೆ. ಪುಲಿಗೆರೆ-300ಕ್ಕೆ ಹೆಸರು ಕೊಟ್ಟ ಊರು. ಬ್ರಿಟಿಷರ ಕಾಲದಲ್ಲಿ ಮೀರಜ್ ಸಂಸ್ಥಾನದ್ದು. ಪಕ್ಕದ ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ್ದು, ಗದಗ ನೇರವಾಗಿ ಧಾರವಾಡ ಜಿಲ್ಲೆಯದು. ಸಂಸ್ಥಾನಗಳು ವಿಲೀನವಾದ ಮೇಲೆ ಮುಂಬಯಿ ರಾಜ್ಯ, 1956ರಲ್ಲಿ ಮೈಸೂರು ರಾಜ್ಯ, 1997ರಲ್ಲಿ ಹೊಸ ಗದಗ ಜಿಲ್ಲೆ. ಶಿರಹಟ್ಟಿ ತಾಲ್ಲೂಕಿನಲ್ಲಿದ್ದ ಲಕ್ಷ್ಮೇಶ್ವರವೇ ಈಗ ಒಂದು ತಾಲ್ಲೂಕು. ‘ತಾಲ್ಲೂಕು’ ಎಂಬ ಒಂದೇ ಕಾಲಂನಲ್ಲಿ ಇದನ್ನೆಲ್ಲ ಎಲ್ಲಿ ತುರುಕುತ್ತೀರಿ?

ಆದ್ದರಿಂದ ಕೋಷ್ಟಕವನ್ನು ಮೂರಾಗಿ ಒಡೆಯಿರಿ. ಮೊದಲನೆಯದರಲ್ಲಿ ಸ್ಥಳ ಮಾತ್ರ: ನೀವೇ ಕೊಟ್ಟ ಒಂದು ಕೋಡ್, ಅಕ್ಷಾಂಶ, ರೇಖಾಂಶ. ಎರಡನೆಯದರಲ್ಲಿ ಹೆಸರುಗಳು, ಮೂರನೆಯದರಲ್ಲಿ ಊರು ಯಾವುದಕ್ಕೆ ಸೇರಿತ್ತು ಎಂಬುದು. ಈ ಎರಡರಲ್ಲೂ ಪ್ರತಿ ಸಾಲಿಗೆ ಕಾಲ ಮತ್ತು ಆಧಾರ ಇರಲೇಬೇಕು. ಆಧಾರವಿಲ್ಲದ ಸಾಲನ್ನು, ಊರಿನ ಹಿರಿಯರೇ ಹೇಳಿದ್ದಾದರೂ, ‘ಐತಿಹ್ಯ’ ಎಂದು ಗುರುತು ಹಾಕದೆ ಒಳಗೆ ಬಿಡಬೇಡಿ. ಸ್ಥಳಪುರಾಣ ಬೇಡವೆಂದಲ್ಲ. ಅದು ಶಾಸನದ ಪಕ್ಕದಲ್ಲಿ ಶಾಸನದ ವೇಷದಲ್ಲಿ ಕೂರಬಾರದು, ಅಷ್ಟೆ.

ಕಾಲದ ವಿಚಾರದಲ್ಲಿ ಬಹಳ ಜನ ಎಡವುತ್ತಾರೆ. ಜಿಲ್ಲೆ, ತಾಲ್ಲೂಕುಗಳಿಗೆ ಸರ್ಕಾರಿ ಆದೇಶವಿರುತ್ತದೆ. ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಬರೆಯಬಹುದು. ಶಾಸನ ಹಾಗಲ್ಲ. ಒಂದು ಊರು ಬೆಳ್ವೊಲದಲ್ಲಿತ್ತು ಎಂದು 11ನೇ ಶತಮಾನದ ದಾನಶಾಸನ ಹೇಳಿದರೆ, ಬರೆಸಿದ ದಿನ ಹಾಗಿತ್ತು ಎಂಬುದಷ್ಟೇ ಅದರ ಸಾಕ್ಷ್ಯ. ಆರಂಭ, ಅಂತ್ಯಗಳನ್ನು ನೀವು ಊಹಿಸಿ ತುಂಬಿದರೆ ನಾಲ್ಕು ವರ್ಷದಲ್ಲಿ ನಿಮ್ಮ ಊಹೆಯನ್ನೇ ಯಾರೋ ಆಧಾರವೆಂದು ಉಲ್ಲೇಖಿಸುತ್ತಾರೆ. ‘ಉಲ್ಲೇಖದ ವರ್ಷ’ ಎಂಬ ಬೇರೆಯೇ ಕಾಲಂ ಇಡಿ.

ನಾಡಿನ ಗಡಿಯನ್ನು ನನ್ನ ಮಾತು ಕೇಳುವುದಾದರೆ ಎಳೆಯಲೇಬೇಡಿ. ಬೆಳ್ವೊಲ, ಪುಲಿಗೆರೆ ಎರಡೂ ಮುನ್ನೂರುಗಳು ಶಾಸನಗಳಲ್ಲಿ ಜೊತೆಜೊತೆಯಾಗಿ ಬರುತ್ತವೆ. ಆ ಸಂಖ್ಯೆ ಹಳ್ಳಿಗಳದ್ದೋ ಹುಟ್ಟುವಳಿಯದ್ದೋ ಎಂಬಲ್ಲೇ ವಿದ್ವಾಂಸರಿಗೆ ಒಮ್ಮತವಿಲ್ಲ. ಬನವಾಸಿ-12000, ಗಂಗವಾಡಿ-96000 ಎಂಬಂಥವನ್ನು ನೋಡಿದರೆ ಗೊಂದಲ ಇನ್ನೂ ಹೆಚ್ಚುತ್ತದೆ. ಬಣ್ಣ ತುಂಬಿದ ಗಡಿ ನೋಡಿದವರು ಸರ್ವೆ ಆದ ಗಡಿಯೆಂದೇ ನಂಬುತ್ತಾರೆ. ಬೆಳ್ವೊಲಕ್ಕೆ ಸೇರಿದ್ದೆಂದು ಶಾಸನವಿರುವ ಅಣ್ಣಿಗೇರಿ, ಲಕ್ಕುಂಡಿಯಂಥ ಊರುಗಳಿಗೆ ಒಂದು ಬಣ್ಣದ ಚುಕ್ಕೆ ಇಡಿ. ಚುಕ್ಕೆ ಒತ್ತಿದರೆ ಶಾಸನದ ಸಂಖ್ಯೆ ಬರಲಿ. ನಾಡು ಎತ್ತ ಹರಡಿತ್ತೆಂದು ನೋಡುವವರೇ ತಿಳಿಯುತ್ತಾರೆ.

ಇಂದಿನ ಊರುಗಳ ಪಟ್ಟಿಗೆ ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿ, 2011ರ ಜನಗಣತಿ ಎರಡರ ಕೋಡನ್ನೂ ಬರೆದುಕೊಳ್ಳಿ. ಹೊಸಹಳ್ಳಿ, ಹೊಸೂರುಗಳು ರಾಜ್ಯದಲ್ಲಿ ಎಷ್ಟಿವೆಯೆಂದು ನಿಮಗೇ ಗೊತ್ತು. ಕೋಡ್ ಇಲ್ಲದಿದ್ದರೆ ಒಂದು ಹೊಸೂರಿನ ಶಾಸನ ಇನ್ನೊಂದರ ಲೆಕ್ಕಕ್ಕೆ ಹೋಗುತ್ತದೆ. ಮಜರೆ (ದೊಡ್ಡ ಗ್ರಾಮಕ್ಕೆ ಸೇರಿದ ಸಣ್ಣ ಹಳ್ಳಿ), ತಾಂಡಾಗಳು ಕಂದಾಯ ಗ್ರಾಮದ ಪಟ್ಟಿಯಲ್ಲಿ ಸಿಗದೆ ಹೋಗಬಹುದು. ಬೇಚಿರಾಕ್ ಗ್ರಾಮಗಳು ಮಾತ್ರ ಜನವಿಲ್ಲದಿದ್ದರೂ ಸಿಗುತ್ತವೆ, ಅವನ್ನು ಅಳಿಸಬೇಡಿ. ಹಾಳೂರುಗಳ ಜಾಗ ಪತ್ತೆಗೆ ಅವೇ ದಾರಿ.

ಮೊಮ್ಮಗನಿಗೆ ಒಂದು ಕೆಲಸ: ಹುಡುಕಾಟದಲ್ಲಿ ಪದದ ಮೊದಲ ಪಕಾರ-ಹಕಾರ, ಎಲ್ಲಿ ಬಂದರೂ ೞ-ಳ, ಱ-ರ ಒಂದೇ ಎಂದು ಪರಿಗಣಿಸಲಿ. ಹುಲಿಗೆರೆ ಎಂದು ಟೈಪ್ ಮಾಡಿದವರಿಗೆ ಪುಲಿಗೆರೆ ಸಿಗಬೇಕು. ತೋರಿಸುವಾಗ ಮಾತ್ರ ಶಾಸನದ ಕಾಗುಣಿತವೇ ಇರಲಿ. ಉಳಿದಂತೆ ಮಾಹಿತಿ ಕೂಡಿಡಲು ಪೋಸ್ಟ್‌ಜಿಐಎಸ್, ಜಾಲತಾಣದಲ್ಲಿ ನಕ್ಷೆ ತೋರಿಸಲು ಲೀಫ್‌ಲೆಟ್, ಹಿನ್ನೆಲೆ ನಕ್ಷೆಗೆ ಓಪನ್‌ಸ್ಟ್ರೀಟ್‌ಮ್ಯಾಪ್ ಸಾಕು, ಯಾವುದಕ್ಕೂ ದುಡ್ಡು ಕೊಡಬೇಕಿಲ್ಲ.

ಪ್ರಶ್ನೆ: ಶಕವರ್ಷಕ್ಕೆ 78 ಕೂಡಿಸಿ ಇಸವಿ ಹಾಕಿದರೆ ಆಗುವುದಿಲ್ಲವೇ?

ಉತ್ತರ: ಹೆಚ್ಚಿನ ಕಡೆ ಆಗುತ್ತದೆ. ಆದರೆ ಜನವರಿಯಿಂದ ಯುಗಾದಿವರೆಗಿನ ತಿಥಿಗೆ 79 ಕೂಡಿಸಬೇಕು. ಶಾಸನದಲ್ಲಿರುವುದು ಗತವರ್ಷವಲ್ಲದೆ (ಮುಗಿದ ವರ್ಷಗಳ ಲೆಕ್ಕವಲ್ಲದೆ) ನಡೆಯುತ್ತಿರುವ ವರ್ಷವಾದರೆ ಒಂದು ಕಡಿಮೆ ಕೂಡಿಸಬೇಕು. ಶಕ, ಸಂವತ್ಸರ, ಮಾಸ, ತಿಥಿ, ವಾರ ಇದ್ದ ಹಾಗೇ ಬರೆದಿಡಿ. ಇಸವಿ ಪಕ್ಕದ ಕಾಲಂನಲ್ಲಿರಲಿ. ಸಂವತ್ಸರ ತಾಳೆಯಾಗದಿದ್ದರೆ ಇಸವಿಯ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಲು ಸಂಕೋಚ ಬೇಡ.

ಪ್ರಶ್ನೆ: ಅಣೆಕಟ್ಟಿನಲ್ಲಿ ಮುಳುಗಿ ಬೇರೆಡೆ ಕಟ್ಟಿದ ಊರನ್ನು ಒಂದೆಂದು ಲೆಕ್ಕ ಹಾಕುವುದೋ ಎರಡೆಂದೋ?

ಉತ್ತರ: ಎರಡು. ಕೃಷ್ಣರಾಜಸಾಗರದಲ್ಲಿ ಮುಳುಗಿದ ಕನ್ನಂಬಾಡಿಗೊಂದು ಕೋಡ್, ಹೊಸಕನ್ನಂಬಾಡಿಗೊಂದು ಕೋಡ್, ನಡುವೆ ‘ಸ್ಥಳಾಂತರ’ ಎಂಬ ಕೊಂಡಿ. ಅಲ್ಲಿ ವೇಣುಗೋಪಾಲಸ್ವಾಮಿ ದೇವಸ್ಥಾನವೂ ಜಾಗ ಬದಲಿಸಿದೆ. ಹೀಗಾಗಿ ಶಾಸನ, ದೇವಸ್ಥಾನಗಳಿಗೂ ಮೂಲಸ್ಥಳ, ಈಗಿರುವ ಸ್ಥಳ ಎಂದು ಎರಡು ಕಾಲಂ ಬೇಕು. ಮ್ಯೂಸಿಯಂಗೆ ಸಾಗಿಸಿದ ಕಲ್ಲುಗಳಿಗೂ ಇದೇ ಕ್ರಮ.